ಹೊತ್ತೊಯ್ಯುವವನ ಜಾಣ್ಮೆ

ಕುರ್ಲಾದ ನಿವಾಸಿಗಳಿಗೆ ವಿಮಾನವು ಅಪರೂಪದ ವಸ್ತುವಲ್ಲ. ಪಶ್ಚಿಮದ ಗಾಳಿ ಬೀಸುವ ದಿನಗಳಲ್ಲಿ ಘಾಟ್ಕೋಪರದ ಕಡೆಯಿಂದ ಬರುವ ವಿಮಾನಗಳು ನಮ್ಮ ಚಾಳುಗಳ ಮೇಲೆ ತಗ್ಗಿ ಹಾರಿ, ಆ ಗಾಳಿಗೆ ಎದುರಾಗಿಯೇ ನೆಲ ಮುಟ್ಟುತ್ತವೆ. ಎದುರುಗಾಳಿಯಲ್ಲಿ ಇಳಿದರೆ ರೆಕ್ಕೆಗಳಿಗೆ ಬೇಕಾದ ಗಾಳಿಯ ವೇಗ ದೊರೆತೂ ನೆಲದ ಮೇಲಣ ಓಟ ಕಡಮೆಯಾಗುವುದೇ ಇದಕ್ಕೆ ಕಾರಣ. ಅವು ಹಾದುಹೋಗುವಾಗ ಪಾಠ ಹೇಳುವವರೂ ಕೇಳುವವರೂ ಕ್ಷಣಕಾಲ ಸುಮ್ಮನಾಗುವುದು ನಮಗೆಲ್ಲ ರೂಢಿಯಾಗಿದೆ.

ಕಳೆದ ಮಳೆಗಾಲದಲ್ಲಿ ಅಂತಹ ಸದ್ದೊಂದು ಅಡಗಿದ ಕೂಡಲೇ ಹಿಂದಿನ ಬೆಂಚಿನಿಂದ ಒಂದು ಮಾತು ಸ್ಪಷ್ಟವಾಗಿ ಕೇಳಿಬಂದಿತು: "ನೀನು ಬರೀ ಡ್ರೈವರ್! ಒಬ್ಬನನ್ನಾದರೂ ಹೊಡೆದಿದ್ದೀಯಾ?" ಹೀಗೆ ಅನ್ನಿಸಿಕೊಂಡ ಬಾಲಕನು ತಲೆ ತಗ್ಗಿಸಿ ಕುಳಿತಿದ್ದನು. ಅವನ ತಂದೆ ರಿಕ್ಷಾ ಓಡಿಸುವವರೆಂಬುದು ತರಗತಿಗೆಲ್ಲ ತಿಳಿದಿತ್ತು. ನಾವು ಗದರಿಸಲು ಹೊರಟೆವು. ವಿಚಾರಿಸಲಾಗಿ, ಜಗಳವು ಗಣಕಯಂತ್ರದಲ್ಲಿ ಆಡುವ ಒಂದು ಯುದ್ಧದ ಆಟಕ್ಕೆ ಸಂಬಂಧಿಸಿದುದೆಂದೂ, ಅದರಲ್ಲಿ ಆ ಬಾಲಕನು ಸೈನಿಕರನ್ನು ಸಾಗಿಸುವ ವಿಮಾನದ ಚಾಲಕನೆಂದೂ ತಿಳಿಯಿತು. ಆದರೂ 'ಬರೀ ಡ್ರೈವರ್' ಎಂಬ ಆ ಮಾತು ನಮ್ಮ ಮನಸ್ಸಿನಿಂದ ಹೋಗಲಿಲ್ಲ. ಆ ಕೆಲಸವು ನಿಜವಾಗಿಯೂ ಅಷ್ಟು ಹಗುರವಾದುದೇ ಎಂದು ತಿಳಿಯಬೇಕೆನಿಸಿತು.

ನಿಮ್ಮಲ್ಲಿ ಅನೇಕರು ಬಲ್ಲ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ ಎಂಬ ಆಟದಲ್ಲಿ ನೂರು ಮಂದಿಯನ್ನು ಹೊತ್ತ ವಿಮಾನವೊಂದು ಗೆರೆ ಎಳೆದಂತೆ ನೇರವಾಗಿ ಹಾರಿಹೋಗುವುದಷ್ಟೆ. ಅದನ್ನು ನಡೆಸುವುದು ಯಂತ್ರವೇ ಹೊರತು ಆಟಗಾರನಲ್ಲ. ಆದರೆ ಈ ಬಾಲಕರು ಹೇಳಿದ ಆಟ ಬೇರೆ. ಅದು 2012ರಲ್ಲಿ ಹೊರಬಂದ 'ಪ್ಲಾನೆಟ್‌ಸೈಡ್ 2'. ಇದರಲ್ಲಿ ಮೂರು ಪಕ್ಷಗಳು ಒಂದು ಕಲ್ಪಿತ ಗ್ರಹದ ಕೋಟೆಗಳಿಗಾಗಿ ಹೋರಾಡುತ್ತವೆ. 2015ರಲ್ಲಿ ಒಂದೇ ಕಾಳಗದಲ್ಲಿ 1,158 ಆಟಗಾರರು ಸೇರಿ ಗಿನ್ನಿಸ್ ದಾಖಲೆಯಾಯಿತೆಂದರೆ ಅದರ ವಿಸ್ತಾರವನ್ನು ಊಹಿಸಬಹುದು. ಇದರ ದೊಡ್ಡ ಸಾರಿಗೆ ವಿಮಾನದ ಹೆಸರು 'ಗ್ಯಾಲಕ್ಸಿ'. ಅದರಲ್ಲಿ ಹನ್ನೆರಡು ಸ್ಥಾನಗಳು: ಚಾಲಕನೊಬ್ಬ, ಬಂದೂಕುಗಳ ಬಳಿ ನಾಲ್ವರು, ಉಳಿದ ಏಳು ಮಂದಿ ಪ್ರಯಾಣಿಕರು. ಚಾಲಕನ ಕೈಗೆ ಮಾತ್ರ ಯಾವ ಬಂದೂಕೂ ಇಲ್ಲ. ಆದುದರಿಂದ ಹೊಡೆದವರ ಲೆಕ್ಕದಲ್ಲಿ ಅವನ ಹೆಸರು ಕೆಳಗೇ ಉಳಿಯುತ್ತದೆ.

ಒಂದು ಭಾನುವಾರ ಆ ಬಾಲಕನ ಅಣ್ಣನ ಗಣಕಯಂತ್ರದ ಮುಂದೆ ಕುಳಿತು ನಾವೂ ಪ್ರಯತ್ನಿಸಿದೆವು. ನಮ್ಮನ್ನು ನಂಬಿ ಎಲ್ಲಿಯವರೋ ಆರು ಮಂದಿ ಆಟಗಾರರು ವಿಮಾನವೇರಿದರು. ಅವರೆಲ್ಲರನ್ನೂ ಒಂದು ಗುಡ್ಡಕ್ಕೆ ಬಡಿದು ಮುಗಿಸಿದೆವು. ಆಟವೇ ಆದರೂ ನಾಚಿಕೆಯಾಯಿತು. ಬಾಲಕನು ನಗಲಿಲ್ಲ. "ಸರ್, ನೀವು ವಿಮಾನವನ್ನು ಮಾತ್ರ ನೋಡುತ್ತಿದ್ದಿರಿ, ಒಳಗಿದ್ದವರನ್ನು ಮರೆತಿರಿ" ಎಂದನು. ಆ ದಿನ ಅವನು ಗುರು, ನಾವು ಶಿಷ್ಯರು. ಅವನು ಕಲಿಸಿದುದನ್ನು ನಮ್ಮ ಮಾತಿನಲ್ಲಿ ಕೆಳಗೆ ಹೇಳುತ್ತೇವೆ.

ಮೊದಲನೆಯದಾಗಿ, ಚಾಲಕನ ಅರ್ಧ ಕೆಲಸ ನೆಲ ಬಿಡುವ ಮೊದಲೇ ಮುಗಿದಿರಬೇಕು. ಎಲ್ಲಿಗೆ ಹೋಗುವುದು, ಎಷ್ಟು ಮಂದಿ ಏರಿದ್ದಾರೆ, ಗಾಯಾಳುಗಳನ್ನು ಎಬ್ಬಿಸುವ ವೈದ್ಯನೂ ಯಂತ್ರಗಳನ್ನು ಸರಿಪಡಿಸುವವನೂ ಜೊತೆಗಿದ್ದಾರೆಯೇ ಎಂಬುದನ್ನು ನಕ್ಷೆಯನ್ನೂ ಸ್ಥಾನಗಳನ್ನೂ ನೋಡಿ ತಿಳಿಯಬೇಕು. ಓಡಿ ಬರುತ್ತಿರುವ ಹನ್ನೆರಡನೆಯವನಿಗಾಗಿ ಹತ್ತು ಎಣಿಸುವಷ್ಟು ಕಾಯುವುದು ಲಾಭ. ಕಾಲು ಗಂಟೆ ಕಾಯುವುದು ನಷ್ಟ, ಏಕೆಂದರೆ ಅಷ್ಟರಲ್ಲಿ ಕೋಟೆಯೇ ಕೈಬಿಟ್ಟು ಹೋಗಬಹುದು.

ಎರಡನೆಯದು ದಾರಿ. ನೇರ ದಾರಿಯು ಹತ್ತಿರದ್ದೇ ಹೊರತು ಕ್ಷೇಮದ್ದಲ್ಲ. ಶತ್ರುಗಳ ಕಣ್ಣೂ ಬೆನ್ನಟ್ಟುವ ಕ್ಷಿಪಣಿಗಳೂ ಅದೇ ಕಡೆ ತಿರುಗಿರುತ್ತವೆ. ಗುಡ್ಡಗಳ ಮರೆಯಲ್ಲಿ ಬಳಸಿ ಹೋಗಬೇಕು, ಇಲ್ಲವೇ ನೆಲದ ಬಂದೂಕುಗಳು ಎಟುಕದಷ್ಟು ಮೇಲೇರಿ ಬರಬೇಕು. ತುಂಬಿದ ವಿಮಾನವು ಸರಕು ತುಂಬಿದ ಕೈಗಾಡಿಯಂತೆ. ತಿರುಗಿಸಬೇಕಾದಲ್ಲಿ ತಿರುಗಿಸಲು ಹೊರಟರೆ ತಿರುಗುವುದಿಲ್ಲ. ತಿರುವನ್ನೂ ನಿಲುಗಡೆಯನ್ನೂ ಬಹಳ ಮೊದಲೇ ಆರಂಭಿಸಬೇಕು. ನಾವು ಗುಡ್ಡಕ್ಕೆ ಬಡಿದದ್ದು ಈ ತಪ್ಪಿನಿಂದಲೇ.

ಮೂರನೆಯದು ಇಳಿಸುವಿಕೆ. ಇದೇ ಮುಖ್ಯ. ಕೋಟೆಯನ್ನು ಗೆಲ್ಲಲು ಅದರ ನಿಯಂತ್ರಣದ ಸ್ಥಳಗಳನ್ನು ಕೆಲವು ನಿಮಿಷಗಳ ಕಾಲ ಹಿಡಿದುಕೊಂಡಿರಬೇಕು. ಹನ್ನೊಂದು ಮಂದಿ ಒಟ್ಟಿಗೆ ಆ ಕಟ್ಟಡದ ಮಾಳಿಗೆಯ ಮೇಲೆ ಇಳಿದರೆ ಅದನ್ನು ಹಿಡಿಯಬಲ್ಲರು. ಅವರೇ ಅಲ್ಲೊಬ್ಬ ಇಲ್ಲೊಬ್ಬನಾಗಿ ಚದುರಿ ಬಿದ್ದರೆ ಒಬ್ಬೊಬ್ಬರಾಗಿ ಸಾಯುತ್ತಾರೆ. ಈ ವಿಮಾನದಿಂದ ಹಾರಿದವರಿಗೆ ಬಿದ್ದ ಪೆಟ್ಟು ತಗಲುವುದಿಲ್ಲವೆಂಬುದು ಆಟದ ನಿಯಮ. ಆದುದರಿಂದ ನೆಲಕ್ಕೆ ಇಳಿಸುತ್ತ ಕಾಲ ಕಳೆಯಬೇಕಾಗಿಲ್ಲ. ಗುರಿಯ ಮೇಲೆ ವೇಗ ತಗ್ಗಿಸಿ, ಮೊದಲೇ ಎಚ್ಚರಿಸಿ, ಎಲ್ಲರಿಗೂ ಒಮ್ಮೆಗೇ 'ಹಾರಿರಿ' ಎನ್ನಬೇಕು. ಆ ಮಾತು ಬೇಗನೆ ಬಂದರೂ ತಡವಾಗಿ ಬಂದರೂ ಹಿಂದಿನ ಶ್ರಮವೆಲ್ಲ ವ್ಯರ್ಥ.

ನಾಲ್ಕನೆಯದು ಹಿಂದಿರುಗುವಿಕೆ. ಜನ ಇಳಿದ ಮೇಲೆ ಯುದ್ಧವನ್ನು ನೋಡುತ್ತ ಅಲ್ಲಿಯೇ ಸುತ್ತುವ ಚಪಲ ಹುಟ್ಟುತ್ತದೆ. ತಾನೂ ಧುಮುಕಿ ಗುಂಡು ಹಾರಿಸಿ ಅಂಕ ಗಳಿಸೋಣವೆಂಬ ಆಸೆ ಅದಕ್ಕಿಂತ ಬಲವಾದುದು. ಈ ಆಸೆಗೆ ಬಿದ್ದ ಚಾಲಕನ ಬರಿದಾದ ವಿಮಾನ ನೆಲಕ್ಕೆ ಬೀಳುತ್ತದೆ. ಮುಂದಿನ ತಂಡವನ್ನು ತರುವವರಿಲ್ಲದೆ ಮೊದಲು ಇಳಿದವರು ಸೋಲುತ್ತಾರೆ. ಒಳ್ಳೆಯ ಚಾಲಕನು ತಿರುಗಿ ಹೋಗಿ, ವಿಮಾನವನ್ನು ಸರಿಪಡಿಸಿಕೊಂಡು, ಮತ್ತೆ ತುಂಬಿ ತರುತ್ತಾನೆ.

ಇದು ಆಟದ ಮಾತಷ್ಟೇ ಎನ್ನಬೇಡಿ. 1947ರ ಅಕ್ಟೋಬರ್ 27ರಂದು ದೆಹಲಿಯಿಂದ ಡಕೋಟಾ ವಿಮಾನಗಳು ಸಿಖ್ ರೆಜಿಮೆಂಟಿನ ಒಂದನೆಯ ಬೆಟಾಲಿಯನ್ನಿನ ಸೈನಿಕರನ್ನು ಹೊತ್ತು ಶ್ರೀನಗರಕ್ಕೆ ಹಾರಿದವು. ನಿಲ್ದಾಣವು ಶತ್ರುವಿನ ಕೈಸೇರಿಲ್ಲವೆಂಬುದನ್ನು ಮೇಲಿನಿಂದ ಸುತ್ತಿ ನೋಡಿ ಖಚಿತಪಡಿಸಿಕೊಂಡು ಇಳಿಯಬೇಕೆಂಬುದು ಅವರಿಗಿದ್ದ ಆಜ್ಞೆ. ಇಳಿಸಿದ ವಿಮಾನಗಳು ಹಿಂದಿರುಗಿ ಮತ್ತೆ ಮತ್ತೆ ಸೈನಿಕರನ್ನು ತಂದುದರಿಂದಲೇ ಶ್ರೀನಗರ ಉಳಿಯಿತು. 1948ರ ಮೇ 24ರಂದು ಮೆಹರ್ ಸಿಂಗ್ ಎಂಬ ವೈಮಾನಿಕರು ದಾರಿಯೇ ಗೊತ್ತಿಲ್ಲದ ಪರ್ವತಗಳ ನಡುವೆ ಡಕೋಟಾ ನಡೆಸಿ, ಸಮುದ್ರಮಟ್ಟದಿಂದ 10,600 ಅಡಿಗೂ ಮೇಲಿರುವ ಲೇಹ್‌ನಲ್ಲಿ ಇಳಿಸಿದರು. ಅವರೊಡನೆ ಆ ವಿಮಾನದಲ್ಲಿ ಕುಳಿತಿದ್ದವರು ನಮ್ಮ ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ತಿಮ್ಮಯ್ಯನವರು. ತಿಮ್ಮಯ್ಯನವರ ಹೆಸರನ್ನು ಕನ್ನಡಿಗರೆಲ್ಲ ಬಲ್ಲರು. ಅವರನ್ನು ಅಲ್ಲಿಗೆ ಮುಟ್ಟಿಸಿದವರ ಹೆಸರನ್ನು ಬಲ್ಲವರು ನಮ್ಮಲ್ಲಿ ಎಷ್ಟು ಮಂದಿ?

ಆಟಕ್ಕೂ ನಿಜಕ್ಕೂ ಇರುವ ಅಂತರವನ್ನು ಮಾತ್ರ ಮರೆಯಬಾರದು. ನಾವು ಬಡಿದು ಕೆಡವಿದ ಆರು ಮಂದಿ ಮರುಕ್ಷಣವೇ ಎದ್ದು ಬಂದರು. ಡಕೋಟಾದಲ್ಲಿದ್ದವರಿಗೆ ಅಂತಹ ಮರುಜನ್ಮವಿರಲಿಲ್ಲ. ಗುಂಡಿನ ಆಟಗಳು ಚಿಕ್ಕ ತರಗತಿಯವರಿಗೆ ತಕ್ಕುದಲ್ಲ. ದೊಡ್ಡವರಿಗೂ ಪಾಠವಾದ ಮೇಲೆಯೇ ಆಟ.

ವಿದ್ಯಾರ್ಥಿಮಿತ್ರರೇ, ಹೊಡೆಯುವವನ ಸಾಮರ್ಥ್ಯವನ್ನು ಅವನ ಅಂಕಗಳಿಂದ ಅಳೆಯಬಹುದು. ಹೊತ್ತೊಯ್ಯುವವನದನ್ನು ಅಳೆಯಬೇಕಾದುದು ಅವನು ಇಳಿಸಿದವರಿಂದ: ಅವರು ಕ್ಷೇಮವಾಗಿ, ಒಟ್ಟಾಗಿ, ಸರಿಯಾದ ಸ್ಥಳದಲ್ಲಿ, ಸರಿಯಾದ ಹೊತ್ತಿಗೆ ಇಳಿದರೇ? ಕುರ್ಲಾ ನಿಲ್ದಾಣದಲ್ಲಿ ನಿತ್ಯವೂ ಲೋಕಲ್ ಗಾಡಿಗಳಿಂದ ಇಳಿಯುವ ಜನಸಾಗರವು ಮೋಟರ್‌ಮನ್ನನ ಮುಖವನ್ನು ನೋಡುವುದೇ ಇಲ್ಲ. ಮಳೆಯಲ್ಲಿ ನಿಮ್ಮನ್ನು ಶಾಲೆಯ ಬಾಗಿಲಿಗೆ ತಂದು ಬಿಡುವ ರಿಕ್ಷಾದವರ ಹೆಸರೂ ನಿಮಗೆ ತಿಳಿಯದು. ಅವರು ತಮ್ಮ ಕೆಲಸವನ್ನು ಚೆನ್ನಾಗಿ ಮಾಡುತ್ತಿರುವುದರಿಂದಲೇ ನಾವು ಅವರನ್ನು ಮರೆತಿರುತ್ತೇವೆ.

ಇಷ್ಟನ್ನೂ ನಾವು ತರಗತಿಯಲ್ಲಿ ಹೇಳಿದಾಗ ಆ ಬಾಲಕನು ತಲೆ ಎತ್ತಿದನು. ಹೀಯಾಳಿಸಿದವನು ಏನೂ ಹೇಳಲಿಲ್ಲ. ಗಂಟೆ ಬಾರಿಸಿದ ಮೇಲೆ ಮೆಟ್ಟಿಲ ಬಳಿ ಅವನು, "ನಾಳೆ ನನಗೊಂದು ಸೀಟು ಇಡ್ತೀಯಾ?" ಎಂದು ಕೇಳುತ್ತಿದ್ದುದು ನಮ್ಮ ಕಿವಿಗೆ ಬಿದ್ದಿತು.