ಕಪ್ಪು ಶಿಲೀಂಧ್ರ ಎಲ್ಲಿಗೂ ಹೋಗಿಲ್ಲ

‘ಕೋವಿಡ್ ಎರಡನೇ ಅಲೆಯಲ್ಲಿ ಅಷ್ಟೊಂದು ಜನರ ಕಣ್ಣು ಕಿತ್ತುಕೊಂಡ ಕಪ್ಪು ಶಿಲೀಂಧ್ರ ಈಗೆಲ್ಲಿ?’ ಎಂದು ಓದುಗರೊಬ್ಬರು ಕೇಳಿದ್ದಾರೆ. 2021ರ ಜುಲೈ ಹೊತ್ತಿಗೆ ದೇಶದಲ್ಲಿ 45 ಸಾವಿರಕ್ಕೂ ಹೆಚ್ಚು ಪ್ರಕರಣಗಳಿದ್ದವು, ಪ್ರಶ್ನೆ ಸಹಜವೇ. ಆದರೆ ಅದು ಹೊಸದಾಗಿ ಬಂದದ್ದಲ್ಲ, ಹೋಗಿಯೂ ಇಲ್ಲ. ಹಳೆಯ ಬ್ರೆಡ್ಡಿನ ಮೇಲೆ ಏಳುತ್ತದಲ್ಲ ಬೂಷ್ಟು, ಆ ರೈಜೋಪಸ್ ಕುಲದ್ದೇ ಈ ಕೆಲಸ. ಅದರ ಬೀಜಕಗಳು ನಿತ್ಯ ನಮ್ಮ ಉಸಿರಿನೊಂದಿಗೆ ಒಳಗೆ ಹೋಗುತ್ತವೆ, ಆರೋಗ್ಯವಂತ ದೇಹ ಅವನ್ನು ಅಲ್ಲೇ ಮುಗಿಸುತ್ತದೆ. ಒಬ್ಬರಿಂದೊಬ್ಬರಿಗೆ ಇದು ಅಂಟುವುದಿಲ್ಲ.

ಬೂಷ್ಟು ಬೆಳೆಯಲು ಕಬ್ಬಿಣ ಬೇಕು. ರಕ್ತದಲ್ಲಿ ಅದನ್ನು ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನು, ಉಗ್ರಾಣದ ಬೀಗದ ಕೈಯನ್ನು ಸೊಂಟಕ್ಕೇ ಸಿಕ್ಕಿಸಿಕೊಂಡ ಯಜಮಾನಿಯಂತೆ, ಯಾರಿಗೂ ಬಿಟ್ಟುಕೊಡದೆ ಕಾಯುತ್ತದೆ. ಸಕ್ಕರೆ ಕಾಯಿಲೆ ಹತೋಟಿ ತಪ್ಪಿ ರಕ್ತದಲ್ಲಿ ಆಮ್ಲ ಹೆಚ್ಚಿದರೆ ಹಿಡಿತ ಸಡಿಲುತ್ತದೆ. ಉಗ್ರಾಣ ಬೂಷ್ಟಿನ ಪಾಲಾಗುತ್ತದೆ. ಅದರ ಎಳೆಗಳು ರಕ್ತನಾಳಕ್ಕೆ ನುಗ್ಗಿ, ನಾಳ ಕಟ್ಟಿ, ರಕ್ತ ಸಿಗದ ಮಾಂಸ ಸತ್ತು ಕಪ್ಪಾಗುತ್ತದೆ. ಸತ್ತ ಭಾಗಕ್ಕೆ ಆಂಫೊಟೆರಿಸಿನ್ ಔಷಧವೂ ತಲುಪದು. ವೈದ್ಯರು ಕೊಯ್ದು ತೆಗೆಯುವುದು ಅದಕ್ಕೇ.

ಬೆಂಕಿಗೆ ತುಪ್ಪ ಸುರಿದದ್ದು ಸ್ಟೀರಾಯ್ಡ್. 2020ರಲ್ಲಿ ಬ್ರಿಟನ್ನಿನ ರಿಕವರಿ ಪ್ರಯೋಗ, ಆಮ್ಲಜನಕ ಬೇಕಾದ ಕೋವಿಡ್ ರೋಗಿಗಳಿಗೆ ದಿನಕ್ಕೆ 6 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಜೀವ ಉಳಿಸುತ್ತದೆಂದು ತೋರಿಸಿತು. ಆ ಮಾತು ಇಂದಿಗೂ ನಿಜ. ಆದರೆ ನಮ್ಮಲ್ಲಿ ಸಣ್ಣ ಜ್ವರಕ್ಕೂ, ಹೆಚ್ಚಿನ ಪ್ರಮಾಣದಲ್ಲಿ, ಮನೆಯಲ್ಲೇ ನುಂಗಿದವರು ಬಹಳ. ಸ್ಟೀರಾಯ್ಡ್ ಸಕ್ಕರೆಯನ್ನು ಏರಿಸುತ್ತದೆ, ಕಾವಲಿನ ಬಿಳಿ ರಕ್ತಕಣಗಳನ್ನು ಮಂಕಾಗಿಸುತ್ತದೆ.

ಇದು ಕೋವಿಡ್‌ನೊಂದಿಗೆ ಮುಗಿದ ಕಥೆಯೂ ಅಲ್ಲ. ಫ್ಲೂ ವೈರಸ್ ಶ್ವಾಸನಾಳದ ಒಳಪದರವನ್ನೇ ಕೆಡವುವುದರಿಂದ ಆಸ್ಪರ್ಜಿಲಸ್ ಎಂಬ ಇನ್ನೊಂದು ಬೂಷ್ಟು ಅಲ್ಲಿ ಬೇರೂರುತ್ತದೆ. ನೆದರ್ಲೆಂಡ್ಸ್ ಮತ್ತು ಬೆಲ್ಜಿಯಂನ ಐಸಿಯುಗಳಲ್ಲಿದ್ದ 432 ಫ್ಲೂ ರೋಗಿಗಳ ಅಧ್ಯಯನ 2018ರಲ್ಲಿ ಪ್ರಕಟವಾಯಿತು: ಶೇ 19ರಷ್ಟು ಮಂದಿಗೆ ಈ ಸೋಂಕು ತಗುಲಿತ್ತು, ಅವರಲ್ಲಿ ಅರ್ಧದಷ್ಟು ಜನ ಮೂರು ತಿಂಗಳೊಳಗೆ ತೀರಿಕೊಂಡರು. ಎಕ್ಸ್‌ರೇ ನೋಡಿ ಇದನ್ನು ವೈರಸ್ಸಿನ ನ್ಯುಮೋನಿಯಾದಿಂದ ಬೇರ್ಪಡಿಸಲಾಗದು; ಶ್ವಾಸಕೋಶ ತೊಳೆದ ದ್ರವದಲ್ಲಿ ಆ ಬೂಷ್ಟಿನ ಗ್ಯಾಲಕ್ಟೊಮ್ಯಾನನ್ ಎಂಬ ಅಂಶವನ್ನು ಹುಡುಕಬೇಕು. ವೈದ್ಯರಿಗೆ ಅನುಮಾನ ಬಂದರಷ್ಟೇ ಈ ಪರೀಕ್ಷೆ ನಡೆಯುತ್ತದೆ.

ಹಳೆಯ ಚೀಟಿ ತೋರಿಸಿ ಸ್ಟೀರಾಯ್ಡ್ ಮಾತ್ರೆ ತರಬೇಡಿ. ಜ್ವರದಲ್ಲಿ ಸಕ್ಕರೆ ಪರೀಕ್ಷೆ ತಪ್ಪಿಸಬೇಡಿ. ಮುಖದ ಒಂದೇ ಪಕ್ಕ ಊದಿದರೆ, ಮೂಗಿನಿಂದ ಕಪ್ಪು ದ್ರವ ಸುರಿದರೆ, ಒಂದು ವಸ್ತು ಎರಡಾಗಿ ಕಂಡರೆ ಅಂದೇ ಆಸ್ಪತ್ರೆಗೆ ಹೋಗಿ.