ಅಂದಂದಿನ ಅನ್ನ

ನಮ್ಮ ಧರ್ಮಶಾಸ್ತ್ರಕಾರರು ಗೃಹಸ್ಥರನ್ನು ಅವರವರ ಉಗ್ರಾಣವನ್ನು ನೋಡಿ ನಾಲ್ಕು ತರಗತಿಗಳಾಗಿ ವಿಂಗಡಿಸಿರುವರು. ಕಣಜದ ತುಂಬ ಧಾನ್ಯವುಳ್ಳವನು ಕುಸೂಲಧಾನ್ಯಕನು. ಗುಡಾಣದಲ್ಲಿ ಹಿಡಿಯುವಷ್ಟು ಉಳ್ಳವನು ಕುಂಭೀಧಾನ್ಯಕನು. ಮೂರು ದಿನಗಳಿಗೆ ಸಾಲುವಷ್ಟು ಮಾತ್ರ ಇಟ್ಟುಕೊಂಡವನು ತ್ರ್ಯಹೈಹಿಕನು. ನಾಳೆಗೆಂದು ಏನನ್ನೂ ಇಟ್ಟುಕೊಳ್ಳದವನು ಅಶ್ವಸ್ತನಿಕನು. ‘ಶ್ವಃ’ ಎಂದರೆ ನಾಳೆ. ಯಾವನಿಗೆ ನಾಳೆಯ ಸಂಗ್ರಹವಿಲ್ಲವೋ ಅವನೇ ಅಶ್ವಸ್ತನಿಕನು. ಮನುಸ್ಮೃತಿಯ ನಾಲ್ಕನೆಯ ಅಧ್ಯಾಯದಲ್ಲಿ ಈ ನಾಲ್ವರನ್ನು ಹೇಳಿ, ಹಿಂದಿನವನಿಗಿಂತ ಮುಂದಿನವನೇ ಶ್ರೇಷ್ಠನೆಂದು ನಿರ್ಣಯಿಸಿದೆ. ಲೋಕವು ಕಣಜವುಳ್ಳವನಿಗೆ ಕೈಮುಗಿದರೆ ಶಾಸ್ತ್ರವು ನಾಳೆಗಿಲ್ಲದವನಿಗೆ ಕೈಮುಗಿಯುವುದು! ಈ ಭಾಗವನ್ನು ಪಾಠ ಹೇಳುವಾಗಲೆಲ್ಲ ವಿದ್ಯಾರ್ಥಿಗಳು ತಪ್ಪದೆ ಕೇಳುತ್ತಿದ್ದ ಪ್ರಶ್ನೆಯು ಒಂದೇ: “ಅಶ್ವಸ್ತನಿಕನ ಮನೆಯಲ್ಲಿ ಮಕ್ಕಳು ನಾಳೆ ಉಣ್ಣುವುದೇನನ್ನು?”

ಪ್ರಶ್ನೆಯು ಹುಡುಗರದಾದರೂ ಹುಡುಗಾಟದ್ದಲ್ಲ. ದೇವರು ನಡೆಸುವನೆಂದು ನಂಬಿ ಕುಳಿತವರಲ್ಲಿ ಕೆಲವರು ಹಸಿವಿನಿಂದ ಸತ್ತಿರುವರು. ಅದೇ ನಂಬಿಕೆಯಿಂದ ಸಾವಿರಾರು ಜನರಿಗೆ ಅನ್ನವಿಕ್ಕಿದವರೂ ಇರುವರು. ಈ ಎರಡನ್ನೂ ಒಂದೇ ಜನ್ಮದಲ್ಲಿ ಕಂಡುಂಡವರೊಬ್ಬರ ವೃತ್ತಾಂತವನ್ನು ವಾಚಕರ ಮುಂದಿಡಬೇಕೆಂದು ಈ ಲೇಖನವನ್ನು ಬರೆದಿದೆ. ಅವರು ಪಂಡಿತಾ ರಮಾಬಾಯಿಯವರು.

ರಮಾಬಾಯಿಯವರು ಹುಟ್ಟಿದುದು ನಮ್ಮ ಸಹ್ಯಾದ್ರಿಯ ಮಡಿಲಲ್ಲಿಯೇ. ತುಂಗಾ, ಭದ್ರಾ, ನೇತ್ರಾವತಿ ನದಿಗಳು ಉದಿಸುವ ಗಂಗಾಮೂಲದ ಅರಣ್ಯದಲ್ಲಿ 1858ನೆಯ ಇಸವಿಯ ಏಪ್ರಿಲ್ 23ರಂದು ಅವರ ಜನನವಾಯಿತು. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಘನವಿದ್ವಾಂಸರು. ಹೆಂಗಸರಿಗೆ ಸಂಸ್ಕೃತವನ್ನು ಕಲಿಸಕೂಡದೆಂದಿದ್ದ ಆ ಕಾಲದಲ್ಲಿ ಅವರು ತಮ್ಮ ಧರ್ಮಪತ್ನಿ ಲಕ್ಷ್ಮೀಬಾಯಿಯವರಿಗೆ ಗೀರ್ವಾಣವಾಣಿಯನ್ನು ಕಲಿಸಿದರು. ಸ್ವಜನರು ವಿರೋಧಿಸಲಾಗಿ ಕಾಡಿನಲ್ಲಿ ಆಶ್ರಮವನ್ನು ಕಟ್ಟಿಕೊಂಡು ನೆಲಸಿದರು. ಅಲ್ಲಿಗೆ ಬಂದ ವಿದ್ಯಾರ್ಥಿಗಳಿಗೂ ಯಾತ್ರಿಕರಿಗೂ ಇಲ್ಲವೆನ್ನದೆ ಅನ್ನವಿಕ್ಕಿದರು. ಇಕ್ಕುತ್ತ ಇಕ್ಕುತ್ತ ಇದ್ದ ಆಸ್ತಿಯೆಲ್ಲ ಕರಗಿ ಸಾಲವು ಉಳಿಯಿತು. ರಮಾಬಾಯಿಯವರು ಆರು ತಿಂಗಳ ಶಿಶುವಾಗಿದ್ದಾಗ ಸಂಸಾರವು ಆ ಸ್ಥಳವನ್ನು ಬಿಟ್ಟು ಹೊರಟಿತು. ಶಿಶುವನ್ನು ಬೆತ್ತದ ಬುಟ್ಟಿಯಲ್ಲಿ ಮಲಗಿಸಿ ಆಳಿನ ತಲೆಯ ಮೇಲೆ ಹೊರಿಸಿಕೊಂಡು ಹೋದರಂತೆ.

ಅಂದಿನಿಂದ ಕ್ಷೇತ್ರದಿಂದ ಕ್ಷೇತ್ರಕ್ಕೆ ಸಂಚಾರ. ದೇವಸ್ಥಾನದ ಮಂಟಪದಲ್ಲೋ ನದಿಯ ಸೋಪಾನದಲ್ಲೋ ಕುಳಿತು ಪುರಾಣವನ್ನು ಓದುವುದು. ಕೇಳಿದವರು ಇಟ್ಟ ದಕ್ಷಿಣೆಯಿಂದ ಜೀವಿಸುವುದು. ಇದ್ದುದರಲ್ಲಿಯೂ ಬಹುಭಾಗವು ದೇವಕಾರ್ಯಕ್ಕೂ ದಾನಕ್ಕೂ ವಿನಿಯೋಗವಾಗುತ್ತಿತ್ತು. ಶಾಸ್ತ್ರವು ಹೊಗಳಿದ ಅಶ್ವಸ್ತನಿಕರೆಂದರೆ ಇವರೇ ಸರಿ. ಆದರೆ ಮದರಾಸು ಪ್ರಾಂತದಲ್ಲಿ ಕ್ಷಾಮವು ತಲೆದೋರಿದಾಗ ದಕ್ಷಿಣೆಯು ನಿಂತುಹೋಯಿತು. ಪಾತ್ರೆಪದಾರ್ಥಗಳನ್ನೂ ಆಭರಣಗಳನ್ನೂ ಮಾರಿ ತಿಂದರು. ವ್ರತ, ಉಪವಾಸ, ಜಪ, ಪ್ರದಕ್ಷಿಣೆಗಳನ್ನು ಹೆಚ್ಚಿಸಿ, ಪ್ರತ್ಯಕ್ಷವಾಗಿ ಧನವು ದೊರೆಯುವುದೆಂದು ಕಾದರು. ಕೂಲಿ ಮಾಡೋಣವೆಂದರೆ ವಿದ್ವತ್ಕುಲದ ಮರ್ಯಾದೆಯು ಅಡ್ಡವಾಯಿತು. ಬೇಡೋಣವೆಂದರೆ ನಾಚಿಕೆಯು ಬಾಯಿ ಕಟ್ಟಿತು. ಕಡೆಗೆ ತಿರುಪತಿಯ ಕಡೆಯ ಕಾಡಿನಲ್ಲಿ ಹನ್ನೊಂದು ದಿನ ನೀರು ಸೊಪ್ಪುಗಳ ಮೇಲೆ ಪ್ರಾಣ ಹಿಡಿದಿದ್ದರೆಂದು ರಮಾಬಾಯಿಯವರೇ ಬರೆದಿರುವರು. ವೃದ್ಧನಾದ ತಂದೆಯು ಜಲಸಮಾಧಿಗೆ ಸಿದ್ಧನಾದಾಗ ಮಗ ಶ್ರೀನಿವಾಸನು ತಡೆದು, ಕುಲಾಭಿಮಾನವನ್ನು ಬಿಟ್ಟು ಕೂಲಿಯನ್ನಾದರೂ ಮಾಡಿ ಮಾತಾಪಿತೃಗಳನ್ನು ಸಲಹುವೆನೆಂದು ಮುಂದೆ ಬಂದನು. ಆದರೆ ಕಾಲವು ಮೀರಿತ್ತು. 1874ರಲ್ಲಿ ತಂದೆಯೂ, ಕೆಲವೇ ವಾರಗಳಲ್ಲಿ ತಾಯಿಯೂ, ಆಮೇಲೆ ಅಕ್ಕನೂ ತೀರಿಕೊಂಡರು.

ಇಂತಹ ಸಾವುಗಳನ್ನು ಹದಿನಾರನೆಯ ವಯಸ್ಸಿನಲ್ಲಿ ಕಣ್ಣಾರೆ ಕಂಡವರು ಮತ್ತೊಮ್ಮೆ “ದೇವರು ಒದಗಿಸುವನು” ಎಂಬ ಮಾತನ್ನು ನಾಲಗೆಯ ಮೇಲೆ ತರುವುದುಂಟೆ? ಆಶ್ಚರ್ಯವೇನೆಂದರೆ, ರಮಾಬಾಯಿಯವರು ತಂದರು.

ನಡುವಿನ ಕಥೆಯನ್ನು ಸಂಕ್ಷೇಪಿಸುವೆನು. ಅಣ್ಣ ತಂಗಿಯರು ಕಾಲುನಡಿಗೆಯಲ್ಲಿ ದೇಶವನ್ನು ಸುತ್ತಿ 1878ರಲ್ಲಿ ಕಲ್ಕತ್ತೆಯನ್ನು ಸೇರಿದರು. ಅಲ್ಲಿಯ ವಿದ್ವತ್ಸಭೆಯು ಆ ತರುಣಿಯ ಪಾಂಡಿತ್ಯಕ್ಕೆ ಬೆರಗಾಗಿ ‘ಪಂಡಿತಾ’, ‘ಸರಸ್ವತೀ’ ಎಂಬ ಬಿರುದುಗಳನ್ನಿತ್ತಿತು. 1880ರಲ್ಲಿ ಅಣ್ಣನು ತೀರಿಕೊಂಡನು. ಅದೇ ವರ್ಷ ವಿವಾಹವಾಯಿತು. 1882ರಲ್ಲಿ ಪತಿಯೂ ಗತಿಸಿದನು. ಎಳೆಯ ಮಗಳು ಮನೋರಮೆಯೊಡನೆ 1883ರಲ್ಲಿ ಇಂಗ್ಲೆಂಡಿಗೆ ಹೋಗಿ, ಅಲ್ಲಿ ಕ್ರೈಸ್ತ ದೀಕ್ಷೆಯನ್ನು ಪಡೆದರು. ಅಮೆರಿಕೆಯಲ್ಲಿ ಬಾಲವಿಧವೆಯರ ದುಃಖವನ್ನು ಸಾರಲು 1887ರಲ್ಲಿ ಬಾಸ್ಟನ್ ನಗರದ ಮಹನೀಯರು ಒಂದು ಸಂಘವನ್ನು ಮಾಡಿ ಹತ್ತು ವರ್ಷ ಸಹಾಯವನ್ನು ವಾಗ್ದಾನ ಮಾಡಿದರು. ಆ ಬಲದಿಂದ 1889ನೆಯ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾಸದನವು ತೆರೆಯಿತು. ಮರುವರ್ಷ ಪುಣೆಗೆ ಸಾಗಿತು. ಅಲ್ಲಿಯ ಹುಡುಗಿಯರಲ್ಲಿ ಕೆಲವರು ಕ್ರೈಸ್ತ ಮತದ ಕಡೆಗೆ ಒಲಿಯಲು 1893ರಲ್ಲಿ ದೊಡ್ಡ ವಿವಾದವೆದ್ದು ಅನೇಕ ಪೋಷಕರು ತಮ್ಮ ಮಕ್ಕಳನ್ನು ಬಿಡಿಸಿಕೊಂಡು ಹೋದರು. ಆ ವಿವಾದದ ನ್ಯಾಯಾನ್ಯಾಯಗಳು ಬೇರೆ ಲೇಖನದ ವಿಷಯ. ಇಲ್ಲಿ ನಮಗೆ ಬೇಕಾದುದು ಅನ್ನದ ಮಾತು.

ಹತ್ತು ವರ್ಷಗಳ ವಾಗ್ದಾನವು ಮುಗಿದ ಮೇಲೆ ಗತಿಯೇನು? ರಮಾಬಾಯಿಯವರು ಜಾಣ ಗೃಹಿಣಿಯಂತೆ ಮುಂದಾಲೋಚಿಸಿ, ಪುಣೆಯ ಆಚೆ ಕೇಡಗಾಂವದಲ್ಲಿ ನೂರು ಎಕರೆಯ ಭೂಮಿಯನ್ನು ಕೊಂಡು, ಬಾವಿ ತೋಡಿಸಿ, ಹಣ್ಣಿನ ಗಿಡಗಳನ್ನು ನೆಡಿಸಿದರು. ಆ ತೋಟದ ಉತ್ಪತ್ತಿಯಿಂದ ಶಾಲೆಯು ನಡೆಯಲೆಂಬುದು ಅವರ ಹವಣು. ಆ ಕಾಲದಲ್ಲಿಯೇ ಮೂವರು ಮಿಷನರಿಗಳ ಚರಿತ್ರೆಗಳು ಅವರ ಕೈಗೆ ಬಂದವು: ಚೀನಾ ದೇಶದಲ್ಲಿ ದುಡಿದ ಹಡ್ಸನ್ ಟೇಲರ್, ದಕ್ಷಿಣ ಸಮುದ್ರದ ದ್ವೀಪಗಳಲ್ಲಿ ದುಡಿದ ಜಾನ್ ಪೇಟನ್, ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಜಾರ್ಜ್ ಮುಲ್ಲರ್.

ಇವರಲ್ಲಿ ಮುಲ್ಲರನ ವಿಷಯವನ್ನು ತುಸು ಹೇಳಬೇಕು. 1805ರಲ್ಲಿ ಪ್ರಷ್ಯ ದೇಶದಲ್ಲಿ ಹುಟ್ಟಿದ ಈತನು 1836ರಲ್ಲಿ ಬ್ರಿಸ್ಟಲಿನ ವಿಲ್ಸನ್ ಬೀದಿಯ ಬಾಡಿಗೆಯ ಮನೆಯೊಂದರಲ್ಲಿ ಅನಾಥಾಲಯವನ್ನು ತೆರೆದನು. ಆತನ ನಿಯಮಗಳು ವಿಚಿತ್ರವಾಗಿದ್ದವು: ಸಂಬಳ ಪಡೆಯುವುದಿಲ್ಲ, ಸಾಲ ಮಾಡುವುದಿಲ್ಲ, ಯಾವ ಮನುಷ್ಯನಲ್ಲಿಯೂ ಯಾಚಿಸುವುದಿಲ್ಲ, ಬೇಕಾದುದನ್ನು ಪ್ರಾರ್ಥನೆಯಲ್ಲಿ ದೇವರೊಬ್ಬನಿಗೆ ನಿವೇದಿಸುವುದು. 1838ರ ಸೆಪ್ಟೆಂಬರಿನಲ್ಲಿ ಬೊಕ್ಕಸವು ಪೂರ್ತಿ ಬರಿದಾಗಿ, ಕೆಲಸಗಾರರು ತಮ್ಮ ಕೈಯಲ್ಲಿದ್ದ ಪುಡಿಗಾಸನ್ನೂ ಹಾಕಿ ಮಕ್ಕಳಿಗೆ ಉಣಿಸುವ ಸ್ಥಿತಿಯು ಬಂದಿತು. ಆಗ ಲಂಡನ್ನಿನಿಂದ ಬಂದ ಮಹಿಳೆಯೊಬ್ಬಳು ಮೂರು ಪೌಂಡು ಎರಡು ಷಿಲಿಂಗು ಆರು ಪೆನ್ಸುಗಳನ್ನು ತಂದುಕೊಟ್ಟಳು. ಆಕೆಯು ಆ ಹಣವನ್ನಿಟ್ಟುಕೊಂಡು ನಾಲ್ಕಾರು ದಿನಗಳಿಂದ ಅನಾಥಾಲಯದ ಪಕ್ಕದ ಮನೆಯಲ್ಲಿಯೇ ಇಳಿದಿದ್ದಳು! ಹಣವು ಗೋಡೆಯ ಆಚೆಯಿತ್ತು. ಹಸಿವು ಗೋಡೆಯ ಈಚೆಯಿತ್ತು. ಬೇಕಾದ ದಿನಕ್ಕೆ ಮುಂಚೆ ಅದು ಬರಲಿಲ್ಲ. ಬೇಕಾದ ದಿನವನ್ನು ಮೀರಿಯೂ ನಿಲ್ಲಲಿಲ್ಲ. 1870ರ ವೇಳೆಗೆ ಆತನು ಆಶ್ಲಿ ಡೌನ್ ಎಂಬ ಗುಡ್ಡದ ಮೇಲೆ ಐದು ಮಹಾಗೃಹಗಳನ್ನು ಕಟ್ಟಿಸಿ ಎರಡು ಸಾವಿರ ಮಕ್ಕಳಿಗೆ ಸ್ಥಳ ಮಾಡಿದ್ದನು. 1898ರಲ್ಲಿ ತೀರಿಕೊಳ್ಳುವುದರೊಳಗೆ ಹತ್ತು ಸಾವಿರಕ್ಕೂ ಹೆಚ್ಚು ಅನಾಥರು ಆತನ ಆಶ್ರಯದಲ್ಲಿ ಬೆಳೆದರು.

ಆತನು ವರ್ಷವರ್ಷವೂ ಪೈಸೆಪೈಸೆಯ ಲೆಕ್ಕವನ್ನು ಅಚ್ಚು ಹಾಕಿಸುತ್ತಿದ್ದನು. ಆ ವರದಿಯೇ ಒಂದು ಬಗೆಯ ಯಾಚನೆಯಲ್ಲವೆ ಎಂದು ಆಗಲೇ ಕೆಲವರು ಆಕ್ಷೇಪಿಸಿದರು. ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಆದರೆ ಯಾಚಕನು ತನ್ನ ಕೊರತೆಯನ್ನು ತೋರಿಸುವನು. ಈತನು ಕೊರತೆಯ ದಿನದಲ್ಲಿ ಬಾಯಿ ಮುಚ್ಚಿಕೊಂಡಿದ್ದು, ಬಂದುದು ಹೇಗೆ ವಿನಿಯೋಗವಾಯಿತೆಂಬುದನ್ನು ಆಮೇಲೆ ತೋರಿಸುತ್ತಿದ್ದನು. ಎರಡಕ್ಕೂ ಅಂತರವುಂಟು.

ಇದನ್ನೋದಿದ ರಮಾಬಾಯಿಯವರಲ್ಲಿ ಒಂದು ಶಂಕೆಯು ಹುಟ್ಟಿತು: ಅನ್ಯದೇಶಗಳಲ್ಲಿ ನಂಬಿಗೆ ಪಾತ್ರನಾದ ದೇವರು ಹಿಂದೂದೇಶದಲ್ಲಿ ಆಗಲಾರನೆ? ಮಿಷನರಿಗಳು ಇಲ್ಲಿಯೂ ಇಂತಹ ಕಾರ್ಯವನ್ನು ಏಕೆ ಆರಂಭಿಸುತ್ತಿಲ್ಲ? ಹೀಗೆ ಚಿಂತಿಸುತ್ತಿರುವಾಗ, ಇತರರು ಮಾಡಲೆಂದು ಬಯಸುವುದರ ಬದಲು ನೀನೇ ಏಕೆ ಆರಂಭಿಸಬಾರದೆಂಬ ಪ್ರೇರಣೆಯು ತಮಗಾಯಿತೆಂದು ಅವರು ತಮ್ಮ ಆತ್ಮವೃತ್ತಾಂತದಲ್ಲಿ ತಿಳಿಸಿರುವರು.

ಪರೀಕ್ಷೆಯು ತಡಮಾಡಲಿಲ್ಲ. 1896ರಲ್ಲಿ ಮಧ್ಯಪ್ರಾಂತಗಳಲ್ಲಿ ಘೋರ ಕ್ಷಾಮವು ಬಿದ್ದಿತು. ಅಮೆರಿಕೆಯಿಂದ ಬರುತ್ತಿದ್ದ ಹಣವು ಐವತ್ತು ಹುಡುಗಿಯರಿಗೆ ಸಾಲುವುದೇ ಕಷ್ಟವಾಗಿತ್ತು. ಹಾಗಿದ್ದರೂ ಅವರು ಕ್ಷಾಮದ ಶಿಬಿರಗಳಿಗೆ ಹೋಗಿ, ಎಲುಬಿನ ಹಂದರವಾಗಿದ್ದ ಸುಮಾರು ಮುನ್ನೂರು ಮಂದಿ ಬಾಲಿಕೆಯರನ್ನು ಕರೆತಂದರು. ಹಸಿವಿನ ಮುಖವು ಅವರಿಗೆ ಹೊಸದಾಗಿರಲಿಲ್ಲವಷ್ಟೆ! ಪುಣೆಯಲ್ಲಿ ಪ್ಲೇಗು ಹರಡಿದ್ದ ಕಾರಣ ಅಧಿಕಾರಿಗಳು ಅಷ್ಟು ಜನರನ್ನು ಊರಲ್ಲಿ ಇರಗೊಡಲಿಲ್ಲ. ಆಗ ಕೇಡಗಾಂವದ ತೋಟವೇ ನೆರವಾಯಿತು. ಅಲ್ಲಿ ಬೆಳೆದ ನಿವೇಶನಕ್ಕೆ ‘ಮುಕ್ತಿ’ ಎಂದು ಹೆಸರಾಯಿತು. 1898ರಲ್ಲಿ ಹತ್ತು ವರ್ಷಗಳ ವಾಗ್ದಾನವು ಮುಗಿಯಿತು. ಸ್ವಲ್ಪ ಕಾಲದಲ್ಲಿಯೇ ಗುಜರಾತು ರಾಜಪುತಾನಗಳಲ್ಲಿ ಮಳೆ ಹೋಗಿ, 1900ರ ಹೊತ್ತಿಗೆ ಆಶ್ರಿತರ ಸಂಖ್ಯೆಯು ಒಂದೂವರೆ ಸಾವಿರವನ್ನು ಮುಟ್ಟಿತು.

ಅಡುಗೆಯ ಮನೆಯನ್ನು ಬಲ್ಲ ಸೋದರಿಯರು ಇಲ್ಲಿ ಒಂದು ನಿಮಿಷ ಲೆಕ್ಕ ಹಾಕಲಿ. ತಲೆಗೆ ಅರ್ಧ ಸೇರು ಧಾನ್ಯವೆಂದರೂ ದಿನಕ್ಕೆ ಏಳುನೂರೈವತ್ತು ಸೇರು. ಅದನ್ನು ಬೀಸಬೇಕು, ಬೇಯಿಸಬೇಕು. ಅದಕ್ಕೆ ಬೇಕಾದ ನೀರು, ಸೌದೆ. ಮರುದಿನ ಬೆಳಗ್ಗೆ ಮತ್ತೆ ಅಷ್ಟೇ! ಆ ಅನಾವೃಷ್ಟಿಯಲ್ಲಿ ಆಶ್ರಮದ ಬಾವಿಗಳೂ ಸೋತವು. ಸಂಜೆಗೆ ತಳದ ಕೆಸರು ಕಾಣುವಷ್ಟು ಸೇದಿದರೂ ಬೆಳಗಾಗುವುದರೊಳಗೆ ಆ ದಿನಕ್ಕೆ ಬೇಕಾದಷ್ಟು ಒಸರುತ್ತಿತ್ತೆಂದು ಆ ಕಾಲದ ವೃತ್ತಾಂತಗಳು ಹೇಳುತ್ತವೆ. ಬಂದವರೆಲ್ಲರೂ ಉಳಿದರೆಂದು ತಿಳಿಯಬಾರದು. ಕ್ಷಾಮವು ಒಳಗೊಳಗೇ ತಿಂದುಹಾಕಿದ್ದ ಎಷ್ಟೋ ಮಕ್ಕಳು ಅನ್ನದ ಮುಂದೆ ಕುಳಿತ ಮೇಲೂ ಕಣ್ಮುಚ್ಚಿದರು. ನಂಬಿಕೆಯು ಸಾವನ್ನು ನಿವಾರಿಸಲಿಲ್ಲ. ಸಾಯುವವರ ಬಳಿಯಿಂದ ಓಡಿಹೋಗದಂತೆ ಮಾಡಿತು.

ಹಾಗಾದರೆ ತಂದೆಯ ನಂಬಿಕೆಗೂ ಮಗಳ ನಂಬಿಕೆಗೂ ಭೇದವೇನು? ಮತವು ಬೇರೆಯಾದುದೇ ಕಾರಣವೆಂದು ರಮಾಬಾಯಿಯವರು ಹೇಳುವರು. ಅದು ಅವರ ಅಂತರಂಗದ ಅನುಭವ, ಅದನ್ನು ಗೌರವಿಸೋಣ. ಹೊರಗಿನಿಂದ ನೋಡುವ ನಮಗೆ ಮತ್ತೊಂದು ಭೇದವೂ ಕಾಣುವುದು. ಅನಂತಶಾಸ್ತ್ರಿಗಳ ಮನೆಯಲ್ಲಿ ದೇವರು ಕೊಡುವನೆಂಬ ಭರವಸೆಯಿತ್ತು, ಅದನ್ನು ತೆಗೆದುಕೊಳ್ಳುವ ಕೈಯನ್ನು ಕುಲಾಭಿಮಾನವು ಕಟ್ಟಿಹಾಕಿತ್ತು. ಮುಕ್ತಿಯಲ್ಲಿ ಕಟ್ಟಿಹಾಕಿದ ಕೈಯೊಂದೂ ಇರಲಿಲ್ಲ. ಯಾವ ಜಾತಿಯವಳೇ ಆಗಲಿ ಪಾಠದ ಜೊತೆಗೆ ಒಂದು ಕಸುಬನ್ನು ಕಲಿಯಬೇಕು. ಬೀಸುವವರು, ಬೇಯಿಸುವವರು, ಎಣ್ಣೆ ತೆಗೆಯುವವರು, ಹಸುಗಳನ್ನು ನೋಡುವವರು, ಮಗ್ಗದ ಮುಂದೆ ಕುಳಿತವರು, ಮುದ್ರಣಾಲಯದಲ್ಲಿ ಮೊಳೆ ಜೋಡಿಸುವವರು ಎಲ್ಲರೂ ಅಲ್ಲಿಯ ಹೆಣ್ಣುಮಕ್ಕಳೇ. ಕಣ್ಣಿಲ್ಲದವರಿಗೂ ಬೆರಳಿನಿಂದ ಓದುವ ಲಿಪಿಯನ್ನೂ ಬುಟ್ಟಿ ಹೆಣೆಯುವುದನ್ನೂ ಕಲಿಸಿದರು. ಬೆಳಗ್ಗೆ ಪ್ರಾರ್ಥನೆ, ಪ್ರಾರ್ಥನೆಯು ಮುಗಿದೊಡನೆ ದುಡಿಮೆ. ಕಾಡಿನಲ್ಲಿ ಅಣ್ಣ ಶ್ರೀನಿವಾಸನು ತಡವಾಗಿ ಆಡಿದ ಮಾತನ್ನು ತಂಗಿಯು ಆಶ್ರಮದ ಶಾಸನವನ್ನಾಗಿ ಮಾಡಿದಳೆಂದರೆ ತಪ್ಪಾಗಲಾರದು.

ಯೋಗಕ್ಷೇಮವೆಂಬ ಶಬ್ದವನ್ನು ನಾವು ಕಾಗದದ ತಲೆಯಲ್ಲಿ ಬರೆದು ಬರೆದು ಸವೆಯಿಸಿದ್ದೇವೆ. ಇಲ್ಲದುದನ್ನು ಪಡೆಯುವುದು ಯೋಗ. ಪಡೆದುದನ್ನು ಕಾಪಾಡುವುದು ಕ್ಷೇಮ. ಯೋಗವು ದೈವದ ಕೈಯಲ್ಲಿರಬಹುದು. ಕ್ಷೇಮದಲ್ಲಿ ಮನುಷ್ಯನ ಪಾಲು ದೊಡ್ಡದು. ಬಂದ ಕಾಳನ್ನು ಚೆಲ್ಲದೆ ಅಳೆಯುವುದು, ಬಂದ ಕಾಸಿಗೆ ಲೆಕ್ಕ ಬರೆಯುವುದು, ಇಲ್ಲದ ಹಣವನ್ನು ಸಾಲ ತಂದು ಮೆರೆಯದಿರುವುದು, ಇವೇ ಆ ಪಾಲು. ನಾಳೆಯ ಭಾರವನ್ನು ದೇವರಿಗೆ ಒಪ್ಪಿಸುವವನು ಈ ದಿನದ ಭಾರವನ್ನು ತಾನೇ ಹೊರಬೇಕು. ಇದನ್ನೂ ಇಳಿಸಿ ಕುಳಿತರೆ ಅದು ಭಕ್ತಿಯಾಗದು, ಆಲಸ್ಯವಾಗುವುದು. ಅದನ್ನೂ ಹೊತ್ತು ನರಳಿದರೆ ವಿವೇಕವಾಗದು, ಭಯವಾಗುವುದು.

ಮನೋರಮಾಬಾಯಿಯವರು ತಾಯಿಯ ಬಲಗೈಯಾಗಿ ಬೆಳೆದರು. ತಾಯಿಮಗಳು 1912ರಲ್ಲಿ ನಮ್ಮ ಕಲಬುರಗಿಯಲ್ಲಿ, ಅಂದಿನ ನಿಜಾಮರ ಸೀಮೆಯಲ್ಲಿ, ಒಂದು ಶಾಲೆಯನ್ನು ತೆರೆದರು. ಬೆತ್ತದ ಬುಟ್ಟಿಯಲ್ಲಿ ಕನ್ನಡ ಸೀಮೆಯನ್ನು ಬಿಟ್ಟು ಹೋದ ಶಿಶುವು ಅರ್ಧ ಶತಮಾನದ ಮೇಲೆ ಹೀಗೆ ಒಂದು ಋಣವನ್ನು ಸಲ್ಲಿಸಿತು. 1921ರಲ್ಲಿ ಮನೋರಮಾಬಾಯಿಯವರು ತಾಯಿಗಿಂತ ಮುಂಚೆಯೇ ಗತಿಸಿದರು. ಮುಕ್ತಿಯ ಕಾರ್ಯವು ಕೇಡಗಾಂವದಲ್ಲಿ ಇಂದಿಗೂ ನಡೆಯುತ್ತಿರುವುದು.

ರಮಾಬಾಯಿಯವರ ಕೊನೆಯ ದುಡಿಮೆಯು ಬೈಬಲ್ ಗ್ರಂಥವನ್ನು ಮೂಲಭಾಷೆಗಳಿಂದ ಸುಲಭವಾದ ಮರಾಠಿಗೆ ಪರಿವರ್ತಿಸುವುದಾಗಿತ್ತು. ಮುಪ್ಪು, ರೋಗ, ಪುತ್ರೀಶೋಕ ಮೂರೂ ಕೂಡಿಬಂದಿದ್ದಾಗ ಅಚ್ಚಿನ ಕರಡುಗಳು ಇನ್ನೂ ಉಳಿದಿದ್ದವು. ಅವುಗಳನ್ನು ತಿದ್ದಿ ಮುಗಿಸುವಷ್ಟು ದಿನಗಳನ್ನು ಕೊಡೆಂದು ಅವರು ಬೇಡಿಕೊಂಡರೆಂದೂ, ಕಡೆಯ ಕರಡು ಮುಗಿದ ಮೇಲೆ 1922ರ ಏಪ್ರಿಲ್ 5ರಂದು ಕಣ್ಮುಚ್ಚಿದರೆಂದೂ ಹೇಳುವರು. ಧಾನ್ಯವನ್ನು ಕೇಳಿದಂತೆಯೇ ಆಯುಸ್ಸನ್ನೂ ಕೆಲಸಕ್ಕೆ ಬೇಕಾದಷ್ಟನ್ನು ಮಾತ್ರ ಅವರು ಕೇಳಿದರು.