ಬಂಬದ ಚಿಮಣಿಗೆ ಅಂಟುಮಸಿ ಹಿಡಿಯುವುದೇಕೆ?

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಹಿತ್ತಲಲ್ಲಿ ನೀರು ಕಾಯಿಸುವ ಬಂಬ ಇಟ್ಟವರಿಗೆ ಈ ಕಾಟ ಗೊತ್ತು. ನಡುವೆ ಬೆಂಕಿ, ಸುತ್ತ ನೀರು, ಮೇಲೆ ಚಿಮಣಿ. ಚಳಿಗಾಲ ಕಳೆಯುವುದರೊಳಗೆ ಚಿಮಣಿಯ ಒಳಮೈಗೆ ಡಾಂಬರಿನಂಥ ಮಸಿ ಮೆತ್ತಿರುತ್ತದೆ. ಇದೇ ಕ್ರಿಯೋಸೋಟ್.

‘ಜಾಸ್ತಿ ಉರಿ ಹಾಕಿದರೆ ಜಾಸ್ತಿ ಮಸಿ’ ಎಂಬ ನಂಬಿಕೆ ತಪ್ಪು. ಮಹಾಲಿಂಗಪುರದ ಸುತ್ತಲಿನ ಬೆಲ್ಲದ ಗಾಣಗಳನ್ನೇ ನೋಡಿ. ಹಿಂಡಿದ ಕಬ್ಬಿನ ಸಿಪ್ಪೆಯಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ ಇರುತ್ತದೆ. ಅದನ್ನು ಬಿಸಿಲಿಗೆ ಹರವಿ, ಒಣಗಿಸಿಯೇ ಒಲೆಗೆ ಹಾಕುತ್ತಾರೆ. ಉರಿ ಧಗಧಗಿಸುವುದರಿಂದ ಅಲ್ಲಿ ಕೂರುವುದು ಬಹುತೇಕ ಪುಡಿಮಸಿ, ಅಂಟುಮಸಿ ಕಡಿಮೆ. ಹೊಗೆಯೆಂದರೆ ಉರಿಯದೆ ಉಳಿದ ಕಟ್ಟಿಗೆಯೇ. ಅದು ಪೂರ್ತಿ ಸುಡಲು ಸುಮಾರು 600 ಡಿಗ್ರಿ ಕಾವು ಬೇಕು. ಸುಡದ ಹೊಗೆ 120 ಡಿಗ್ರಿಗಿಂತ ತಣ್ಣಗಾದರೆ ಗೋಡೆಗೆ ಅಂಟುತ್ತದೆ. ಬಂಬದ ಗೋಡೆಯ ಹಿಂದೆ ನೀರಿರುವುದರಿಂದ ಅದು 100 ಡಿಗ್ರಿಯ ಆಚೆ ಹೆಚ್ಚೇನೂ ಕಾಯುವುದಿಲ್ಲ. ಅಂಟುಮಸಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕೆ?

‘ಹಸಿ ಕಟ್ಟಿಗಿ ತಾಳಿಕಿ ಬರ್ತೈತಿ’ ಎನ್ನುವ ಮಾತು ಹೆಚ್ಚು ಹಾನಿ ಮಾಡಿದೆ. ನಿಧಾನ ಉರಿಯುವುದು ನಿಜ, ಆದರೆ ಲಾಭವಿಲ್ಲ. 10 ಕಿಲೋ ಹಸಿ ಜಾಲಿಯಲ್ಲಿ 4 ಲೀಟರ್ ನೀರಿದ್ದರೆ, ಅದನ್ನು ಆವಿ ಮಾಡುವ ಶಾಖದಲ್ಲೇ 36 ಲೀಟರ್ ನೀರನ್ನು 25ರಿಂದ 85 ಡಿಗ್ರಿಗೆ ಕಾಯಿಸಬಹುದಿತ್ತು. ಆ ಶಾಖವೆಲ್ಲ ಆವಿಯಾಗಿ ಚಿಮಣಿಯಿಂದ ಹೋಗುತ್ತದೆ, ಉರಿಯೂ ತಣ್ಣಗಾಗುತ್ತದೆ. ತೇವ ಶೇ. 20ಕ್ಕೆ ಇಳಿಯಬೇಕು. ಸೀಳಿದ ಕಟ್ಟಿಗೆಗೆ ನಮ್ಮ ಬೇಸಿಗೆ ಸಾಕು. ಸೀಳದ ದಿಮ್ಮಿ ಒಳಗೆ ಹಸಿಯಾಗಿಯೇ ಉಳಿಯುತ್ತದೆ.

ಬೇವು, ನೀಲಗಿರಿಯಂಥ ಜಾತಿಯ ಮೇಲೆ ತಪ್ಪು ಹೊರಿಸುವವರೂ ಇದ್ದಾರೆ. ಜಾತಿಗಿಂತ ತೇವವೇ ಮುಖ್ಯ. ಹಸಿ ಜಾಲಿಗಿಂತ ಒಣ ಬೇವು ಮೇಲು.

‘ಕಾವು ಉಳೀಲಿ’ ಎಂದು ರಾತ್ರಿ ಬಂಬದ ಬಾಯಿ ಮುಚ್ಚಿಬಿಡುತ್ತಾರಲ್ಲ, ಆಗಲೇ ಮಸಿ ಬೆಳೆಯುವುದು. ಗಾಳಿಯಿಲ್ಲದೆ ಕಟ್ಟಿಗೆ ಹೊಗೆಯಾಡುತ್ತದೆ. ಸ್ವಲ್ಪ ಕಟ್ಟಿಗೆ, ಚುರುಕು ಉರಿ, ಬೇಕಾದಷ್ಟು ಗಾಳಿ: ನೀರು ಕಾದ ಮೇಲೆ ಬೆಂಕಿ ತಾನಾಗಿ ಆರಲಿ.

ಸೀಮೆಎಣ್ಣೆ ಸುರಿದು ಮಸಿ ಸುಡುವ ಯೋಚನೆಯಂತೂ ಬೇಡವೇ ಬೇಡ. ಕ್ರಿಯೋಸೋಟ್ ಹೊತ್ತಿಕೊಂಡರೆ ಚಿಮಣಿಯೊಳಗೆ 1,000 ಡಿಗ್ರಿ ಮೀರಬಹುದು. ಪಕ್ಕದಲ್ಲಿ ಕಣಕಿಯ ಬಣವೆಯಿದ್ದರೆ ಒಂದು ಕಿಡಿ ಸಾಕು. ಮಸಿ 3 ಮಿಲಿಮೀಟರ್ ದಪ್ಪವಾಗುವ ಮೊದಲೇ, ಬಂಬ ತಣ್ಣಗಿದ್ದಾಗ, ತಂತಿ ಬ್ರಷ್‌ನಿಂದ ಕೆರೆಯಿರಿ. ಮೂಗಿಗೆ ಬಟ್ಟೆ, ಕೈಗೆ ಗ್ಲೌಸ್ ಇರಲಿ. ಚಿಮಣಿ ಕೆರೆಯುವ ಹುಡುಗರಿಗೆ ಮುಂದೆ ಕ್ಯಾನ್ಸರ್ ಬರುವುದು ಈ ಮಸಿಯಿಂದ ಎಂದು ಲಂಡನ್ನಿನ ವೈದ್ಯ ಪರ್ಸಿವಲ್ ಪಾಟ್ 1775ರಲ್ಲೇ ಬರೆದಿದ್ದ. ಈ ಕೆಲಸವನ್ನು ಮಕ್ಕಳ ಕೈಗೆ ಕೊಡಬೇಡಿ.